ಹಿನ್ನೀರಿನ ಫೋಟೋಗಳ ಮೇಲೆ ಬಣ್ಣ: ಎಷ್ಟು ಮುಚ್ಚಬೇಕು, ಎಷ್ಟು ಬಿಡಬೇಕು?

ಹಿನ್ನೀರಿನ ದಾರಿ (ಸಾಗರ):

ಎಲ್ಲರಿಗೂ ನಮಸ್ಕಾರ. ಛಾಯಾಚಿತ್ರದ ಮೇಲೆಯೇ ಬಣ್ಣ ಹಚ್ಚಿ ಅಮೂರ್ತ (ವಸ್ತುವನ್ನು ಇದ್ದಂತೆ ತೋರಿಸದ) ಕೃತಿಗಳನ್ನು ಮಾಡುವ ಕೆಲಸದಲ್ಲಿ ನಾನು ತೊಡಗಿದ್ದೇನೆ. ಅದರ ಕುರಿತು ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಮಲೆನಾಡಿನ ಫೋಟೋ ಎಂದರೆ ಜೋಗ, ಆಗುಂಬೆಯ ಸೂರ್ಯಾಸ್ತ, ಕೊಡಚಾದ್ರಿಯ ಮಂಜು ಎಂಬ ರೂಢಿ ಬಂದುಬಿಟ್ಟಿದೆ. ಈ ದೃಶ್ಯಗಳನ್ನು ನಾನೂ ಪ್ರೀತಿಸುತ್ತೇನೆ. ಆದರೆ ಅವು ನೋಡುವವರ ಮನಸ್ಸಿನಲ್ಲಿ ಮೊದಲೇ ಸಿದ್ಧವಾಗಿರುವುದರಿಂದ, ಹೊಸದಾಗಿ ತೆಗೆದ ಫೋಟೋ ಹಳೆಯ ನೆನಪಿಗೆ ಸಾಕ್ಷಿ ಹೇಳಿ ಸುಮ್ಮನಾಗುತ್ತದೆ. ಕಣ್ಣಿಗೆ ಅಲ್ಲಿ ಕೆಲಸವೇ ಉಳಿಯುವುದಿಲ್ಲ. ಹಾಗಾಗಿ ನಾನು ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನ ದಡಗಳತ್ತ ತಿರುಗಿದೆ. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಬೇಸಿಗೆಯಲ್ಲಿ ನೀರು ಇಳಿಯುತ್ತ ಹೋದ ಹಾಗೆ, ಅದು ನಿಂತು ನಿಂತು ಸರಿದ ಜಾಗಗಳಲ್ಲೆಲ್ಲ ಕೆಂಪು ದಡದ ಮೇಲೆ ಒಂದರ ಕೆಳಗೊಂದು ಗೆರೆಗಳು ಮೂಡುತ್ತವೆ. ಅವುಗಳ ನಡುವೆ ಮುಳುಗಿ ಸತ್ತ ಮರಗಳ ಬೊಡ್ಡೆಗಳಿರುತ್ತವೆ. ನೀರು ತೀರ ಕಡಿಮೆಯಾದ ವರ್ಷಗಳಲ್ಲಿ ಹಳೆಯ ಮಡೆನೂರು ಅಣೆಕಟ್ಟೂ ಹೊರಗೆ ಕಾಣುತ್ತದೆ.

ಚೌಕಟ್ಟಿನಿಂದ ಆಕಾಶವನ್ನೂ ದಿಗಂತವನ್ನೂ ಹೊರಗಿಟ್ಟು ಬರೀ ದಡವನ್ನು ತೆಗೆದರೆ, ಅದು ನೆಲವೋ, ಗೋಡೆಯೋ, ಮರದ ತೊಗಟೆಯೋ ಎಂದು ಒಂದು ಕ್ಷಣ ತಿಳಿಯುವುದಿಲ್ಲ. ಈ ಅನುಮಾನವೇ ನನಗೆ ಬೇಕಾಗಿರುವುದು. ಫೋಟೋವನ್ನು ಹೊಳಪಿಲ್ಲದ ಹತ್ತಿ ಕಾಗದದ ಮೇಲೆ ಎ3 ಅಳತೆಯಲ್ಲಿ ಪ್ರಿಂಟ್ ಹಾಕಿಸಿ, ಅದರ ಮೇಲೆ ಅಕ್ರಿಲಿಕ್ ಬಣ್ಣವನ್ನು ಅಡ್ಡ ಪಟ್ಟಿಗಳಾಗಿ ಎಳೆದು, ಹಸಿಯಿರುವಾಗಲೇ ಗಟ್ಟಿ ರಟ್ಟಿನ ಅಂಚಿನಿಂದ ಕೆರೆಯುತ್ತೇನೆ. ಕೆಲವು ಕಡೆ ಬಣ್ಣದ ಗೆರೆ ನೀರಿನ ಗೆರೆಯನ್ನೇ ಮುಂದುವರಿಸುತ್ತದೆ, ಕೆಲವು ಕಡೆ ಅದನ್ನು ಕಡಿದುಹಾಕುತ್ತದೆ.

ಈ ಮಾರ್ಗಕ್ಕೆ ದೊಡ್ಡ ಹಿರಿಯರಿದ್ದಾರೆ. ಜರ್ಮನಿಯ ಚಿತ್ರಕಾರ ಗೆರ್ಹಾರ್ಡ್ ರಿಕ್ಟರ್ 1980ರ ದಶಕದ ಉತ್ತರಾರ್ಧದಿಂದ, ಸಾಮಾನ್ಯ ಲ್ಯಾಬಿನಲ್ಲಿ ಪ್ರಿಂಟ್ ಹಾಕಿಸಿದ ಅಂಗೈಯಗಲದ ಮನೆಯ ಫೋಟೋಗಳನ್ನು, ದೊಡ್ಡ ಕ್ಯಾನ್ವಾಸಿನ ಕೆಲಸ ಮುಗಿದ ಮೇಲೆ ಹಲಗೆಯಲ್ಲಿ ಉಳಿದ ಹಸಿ ಎಣ್ಣೆಬಣ್ಣಕ್ಕೆ ಒತ್ತಿ ಎಳೆಯುತ್ತಿದ್ದರು. ಬಣ್ಣ ಎಲ್ಲಿ ಕೂರುತ್ತದೆ ಎಂಬುದರಲ್ಲಿ ಅರ್ಧ ಪಾಲು ಆಕಸ್ಮಿಕದ್ದು. ಆಸ್ಟ್ರಿಯಾದ ಚಿತ್ರಕಾರ ಆರ್ನುಲ್ಫ್ ರೈನರ್ ತಮ್ಮದೇ ಮುಖದ ಫೋಟೋಗಳ ಮೇಲೆ ಗೀಚಿ, ತಿದ್ದಿ, ಮುಚ್ಚಿ, ಚಿತ್ರದೊಂದಿಗೆ ಜಗಳಕ್ಕೇ ಇಳಿಯುತ್ತಿದ್ದರು. ರಿಕ್ಟರ್ ಅವರ ಕೆಲಸದಲ್ಲಿ ಬಣ್ಣವು ಫೋಟೋದ ಪಕ್ಕದಲ್ಲಿ ತಣ್ಣಗೆ ಬಂದು ನಿಲ್ಲುತ್ತದೆ, ರೈನರ್ ಅವರದರಲ್ಲಿ ಅದು ಫೋಟೋವನ್ನು ಹಿಡಿದು ಅಲ್ಲಾಡಿಸುತ್ತದೆ. ನನಗೆ ಇವೆರಡರ ನಡುವಿನದೇನೋ ಬೇಕು ಎನ್ನಿಸಿದೆ.

ನನ್ನ ಪ್ರಶ್ನೆ ಇಷ್ಟು. ಫೋಟೋವನ್ನು ಎಷ್ಟು ಮುಚ್ಚಬೇಕು? ಹೆಚ್ಚು ಮುಚ್ಚಿದರೆ ಕೆಳಗೆ ಫೋಟೋ ಇರುವುದಕ್ಕೆ ಕಾರಣವೇ ಉಳಿಯುವುದಿಲ್ಲ. ಕಡಿಮೆ ಮುಚ್ಚಿದರೆ ಬಣ್ಣವು ಒಡವೆಯಂತೆ ಮೇಲೆ ಕೂರುತ್ತದೆ. ಇದರ ಜೊತೆಗೆ, ನಮ್ಮ ಮಳೆಗಾಲದ ತೇವದಲ್ಲಿ ಇಂತಹ ಹಾಳೆಗಳು ಬಾಳುವಂತೆ ಏನು ಮಾಡಬಹುದು ಎಂಬುದನ್ನೂ ಅನುಭವಿಗಳು ತಿಳಿಸಬೇಕು.

ತುಂಗಾತೀರ (ಶಿವಮೊಗ್ಗ):

ನಮಸ್ಕಾರ ಮೇಡಂ. ಫಿಲ್ಮ್ ಕಾಲದಿಂದಲೂ ಕತ್ತಲೆಕೋಣೆಯಲ್ಲಿ ಕೆಲಸ ಮಾಡಿದವನಾದ್ದರಿಂದ ನಾನು ಮೊದಲು ಕ್ಯಾಮೆರಾದ ಪರವಾಗಿ ಮಾತನಾಡುತ್ತೇನೆ, ಬೇಸರಿಸಬಾರದು.

ಫೋಟೋ ಎಂದರೆ ವಾಸ್ತವ, ಬಣ್ಣ ಬಂದ ಮೇಲೆಯೇ ಅದು ಅಮೂರ್ತವಾಗುತ್ತದೆ ಎಂಬ ಊಹೆ ನಿಮ್ಮ ಬರಹದ ಹಿಂದೆ ಇರುವಂತೆ ಕಂಡಿತು. ಇದನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಛಾಯಾಗ್ರಾಹಕ ಆಲ್ಫ್ರೆಡ್ ಸ್ಟಿಗ್ಲಿಟ್ಜ್ 1920ರ ದಶಕದಲ್ಲಿಯೇ ದಿಗಂತವಿಲ್ಲದ ಮೋಡಗಳನ್ನು ತೆಗೆದರು. ಅಲ್ಲಿ ಮೇಲು ಕೆಳಗುಗಳೇ ಇಲ್ಲ. ಅಲ್ಲಿಯವರೇ ಆದ ಛಾಯಾಗ್ರಾಹಕ ಆರನ್ ಸಿಸ್ಕಿಂಡ್ 1940ರ ದಶಕದಲ್ಲಿ ಬಣ್ಣ ಸುಲಿದ ಗೋಡೆ, ಹರಿದ ಭಿತ್ತಿಪತ್ರಗಳನ್ನು ಹತ್ತಿರದಿಂದ ತೆಗೆದಾಗ, ಅವು ಅದೇ ಕಾಲದ ನ್ಯೂಯಾರ್ಕ್ ಅಮೂರ್ತ ಚಿತ್ರಕಾರರ ಕ್ಯಾನ್ವಾಸುಗಳ ಪಕ್ಕದಲ್ಲಿ ಸರಿಸಮನಾಗಿ ನಿಂತವು. ನಮ್ಮವರಲ್ಲಿ ನಸ್ರೀನ್ ಮೊಹಮ್ಮದಿ (1937–1990) ಅವರನ್ನು ನೆನೆಯಬೇಕು. ಬರೋಡಾದಲ್ಲಿ ಪಾಠ ಮಾಡುತ್ತಿದ್ದ ಅವರು ಕಾಗದದ ಮೇಲೆ ಎಳೆದ ಸೂಕ್ಷ್ಮ ರೇಖೆಗಳು ಪ್ರಸಿದ್ಧ. ಆದರೆ ಅವರು ರಸ್ತೆಯ ಗೆರೆ, ನೆರಳು, ಸಮುದ್ರತೀರ, ಮಗ್ಗದ ನೂಲುಗಳ ಫೋಟೋಗಳನ್ನೂ ತೆಗೆದಿದ್ದರು. ಬದುಕಿದ್ದಾಗ ಅವನ್ನು ಪ್ರದರ್ಶನಕ್ಕೆ ಇಟ್ಟಿರಲಿಲ್ಲ. ಈಗ ಎರಡನ್ನೂ ಒಟ್ಟಿಗೆ ನೋಡುವವರಿಗೆ, ಒಂದೇ ಕಣ್ಣು ಎರಡು ಸಾಧನಗಳಲ್ಲಿ ಯೋಚಿಸಿದ್ದು ತಿಳಿಯುತ್ತದೆ. ಅವರು ಒಂದರ ಮೇಲೆ ಇನ್ನೊಂದನ್ನು ಹೇರಬೇಕಾಗಿ ಬರಲಿಲ್ಲ ಎಂಬುದನ್ನು ಗಮನಿಸಿ.

ಅಡಿಕೆ ತೋಟದಲ್ಲಿ ಒಂದು ಪ್ರಯೋಗ ಮಾಡಿ ನೋಡಿ. ಮಳೆಗಾಲದ ಮಂದ ಬೆಳಕಿನಲ್ಲಿ ಐಎಸ್‌ಒ 100, ಎಫ್/16 (ಬೆಳಕನ್ನು ಕಡಿಮೆ ಒಳಬಿಡುವ ಸೆಟ್ಟಿಂಗ್) ಇಟ್ಟರೆ ಫಿಲ್ಟರ್ ಇಲ್ಲದೆಯೇ ಶಟರ್ ಕಾಲು ಸೆಕೆಂಡು, ಅರ್ಧ ಸೆಕೆಂಡಿಗೆ ಇಳಿಯುತ್ತದೆ. ಶಟರ್ ತೆರೆದಿರುವಾಗ ಕ್ಯಾಮೆರಾವನ್ನು ಮರದ ಉದ್ದಕ್ಕೆ ಮೇಲಿನಿಂದ ಕೆಳಗೆ ನಿಧಾನವಾಗಿ ಇಳಿಸಿದರೆ ಕಾಂಡಗಳು ಮಾತ್ರ ಲಂಬ ಪಟ್ಟಿಗಳಾಗಿ ಉಳಿದು, ಎಲೆ, ನೆಲ, ಸೋಗೆ ಎಲ್ಲವೂ ಕರಗಿಹೋಗುತ್ತವೆ. ಕಾಂಡದ ಮೇಲಿನ ಬಿಳಿ ಕಲ್ಲುಹೂವಿನ ಮಚ್ಚೆಗಳು ತೆಳುವಾದ ಎಳೆಗಳಾಗುತ್ತವೆ. ಇಷ್ಟಾದ ಮೇಲೆ ಅದಕ್ಕೆ ಕುಂಚ ಏಕೆ ಬೇಕು ಎಂದು ಕೇಳಿಕೊಳ್ಳಬೇಕಾಗುತ್ತದೆ.

ಬಣ್ಣ ಬೇಡ ಎಂಬುದು ನನ್ನ ವಾದವಲ್ಲ. ಕ್ಯಾಮೆರಾದಿಂದ ಆಗದ ಕೆಲಸವಿದ್ದಾಗ ಮಾತ್ರ ಬಣ್ಣ ಬರಬೇಕು. ಫೋಟೋಗೆ ಉಬ್ಬುತಗ್ಗಿಲ್ಲ, ಅದರ ಮೇಲ್ಮೈ ಎಲ್ಲ ಕಡೆಯೂ ಒಂದೇ. ಬಣ್ಣಕ್ಕೆ ದಪ್ಪವಿದೆ, ಕೈಯ ವೇಗವಿದೆ, ನಿಂತು ಯೋಚಿಸಿದ ಗುರುತಿದೆ. ಫೋಟೋ ನಮ್ಮನ್ನು ಆಳಕ್ಕೆ ಕರೆದೊಯ್ಯುತ್ತದೆ. ಬಣ್ಣ ಆಳವನ್ನು ನಿರಾಕರಿಸಿ ಹಾಳೆಯ ಮೇಲ್ಮೈಗೆ ಎಳೆದು ತರುತ್ತದೆ. ಈ ಎಳೆದಾಟ ಎಲ್ಲಿ ನಡೆಯುತ್ತಿದೆಯೋ ಅಲ್ಲಿ ಬಣ್ಣ ಸಾರ್ಥಕ. ನೀರಿನ ಗೆರೆಯ ಮೇಲೆ ಅದೇ ಬಣ್ಣದ ಅದೇ ಗೆರೆ ಎಳೆದರೆ ಎಳೆದಾಟ ಎಲ್ಲಿಂದ ಬರಬೇಕು?

ಕೆಮ್ಮಣ್ಣು (ಸೊರಬ):

ಇಬ್ಬರ ಮಾತನ್ನೂ ಓದಿದೆ. ನಾನು ಹಸೆ ಬರೆಯುವ ಮನೆಯಿಂದ ಬಂದವಳು. ಈ ಚರ್ಚೆಯಲ್ಲಿ ಅಮೂರ್ತವೆಂದರೆ ನ್ಯೂಯಾರ್ಕ್, ಜರ್ಮನಿ, ಬರೋಡಾಗಳಿಂದ ಬಂದ ವಿಷಯ ಎಂಬಂತೆ ಮಾತು ಸಾಗುತ್ತಿರುವುದರಿಂದ ಬರೆಯಬೇಕೆನಿಸಿತು.

ಸಾಗರ, ಸೊರಬ, ಹೊಸನಗರ ಭಾಗದ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಗೋಡೆಯ ಮೇಲೆ ಬರೆಯುವ ಹಸೆಯಲ್ಲಿ ಗಂಡು ಹೆಣ್ಣಿಗೆ ಮುಖ, ಕಣ್ಣು, ಮೂಗುಗಳ ವಿವರ ಇರುವುದಿಲ್ಲ, ತ್ರಿಕೋನಗಳೇ ಮೈಯಾಗುತ್ತವೆ. ಉಳಿದದ್ದೆಲ್ಲ ಚೌಕ, ಓರೆಗೆರೆ, ಗೆರೆಗಳ ಹೆಣಿಗೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಿಕು ಮಾಡಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ, ಇಷ್ಟೇ ಅದರ ಸಾಮಗ್ರಿ. ಭೂಮಿ ಹುಣ್ಣಿಮೆಗೆ ಬರೆಯುವ ಬುಟ್ಟಿಯಲ್ಲಿ ಇದೇ ಗೆರೆಗಳು ದುಂಡನೆಯ ಮೈಗೆ ಹೊಂದಿಕೊಳ್ಳುತ್ತವೆ. ಇದನ್ನು ಬರೆಯುವ ಹೆಂಗಸರಿಗೆ ಪ್ರತಿ ಭಾಗಕ್ಕೂ ಹೆಸರು ಗೊತ್ತು, ಯಾವುದರ ಪಕ್ಕ ಯಾವುದು ಬರಬೇಕೆಂಬ ಲೆಕ್ಕ ಗೊತ್ತು. ಆಕಾರವನ್ನು ಸರಳಗೊಳಿಸುವುದೆಂದರೆ ಅರ್ಥವನ್ನು ಬಿಟ್ಟುಕೊಡುವುದಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ. ನಿಮ್ಮ ಪಟ್ಟಿಗಳಲ್ಲಿ ಯಾವುದು ಏನನ್ನು ಹೊತ್ತಿದೆ ಎಂದು ನಿಮಗೆ ಗೊತ್ತಿದ್ದರೆ ಎಷ್ಟು ಮುಚ್ಚಬೇಕೆಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ.

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕಿದೆ. ಇತ್ತೀಚೆಗೆ ಕೆಲವರು ಹಸೆಗೋಡೆಯ ಫೋಟೋ ತೆಗೆದು, ಅದರ ಮೇಲೆ ತಮ್ಮ ಬಣ್ಣ ಸುರಿದು, ತಮ್ಮ ಹೆಸರು ಮಾತ್ರ ಬರೆದುಕೊಳ್ಳುವುದನ್ನು ನೋಡಿದ್ದೇನೆ. ಗೋಡೆಗೆ ಬರೆದ ಕೈ ಒಂದಿದೆ. ಆ ಕೈಯವರನ್ನು ಕೇಳದೆ, ಅವರ ಹೆಸರು ಹಾಕದೆ ಅವರ ಗೆರೆಯ ಮೇಲೆ ಗೆರೆ ಎಳೆಯುವುದು ತಪ್ಪು. ಮೇಡಂ, ನೀವು ಹಾಗೆ ಮಾಡಿದ್ದೀರಿ ಎನ್ನುತ್ತಿಲ್ಲ. ದಡದ ಗೆರೆ ಬೇರೆ, ಮನುಷ್ಯರು ಬರೆದ ಗೆರೆ ಬೇರೆ ಎಂಬುದನ್ನು ಈ ಕೆಲಸ ಮಾಡುವವರೆಲ್ಲರೂ ನೆನಪಿಡಬೇಕು.

ಅಂಗಡಿಯ ಅಕ್ರಿಲಿಕ್ ಬದಲು ಅದೇ ದಡದ ಮಣ್ಣನ್ನು ಏಕೆ ಬಳಸಬಾರದು? ಮಣ್ಣನ್ನು ನೀರಿನಲ್ಲಿ ಕದಡಿ, ಮರಳು ತಳಕ್ಕೆ ಕೂರಲು ಸ್ವಲ್ಪ ಹೊತ್ತು ಬಿಟ್ಟು, ಮೇಲಿನ ಕೆಂಪು ನೀರನ್ನು ಮಾತ್ರ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ. ಆ ನೀರು ತಿಳಿಯಾದ ಮೇಲೆ ತಳದಲ್ಲಿ ಉಳಿಯುವ ನಯವಾದ ಮಣ್ಣೇ ಬಣ್ಣ. ಗೋಡೆಯ ಮೇಲೆ ಅದು ಹಾಗೆಯೇ ಹಿಡಿಯುತ್ತದೆ, ಕಾಗದದ ಮೇಲೆ ಒಣಗಿದರೆ ಪುಡಿಯಾಗಿ ಉದುರುತ್ತದೆ. ಆದ್ದರಿಂದ ಅರೇಬಿಕ್ ಗೋಂದು ಅಥವಾ ಅಕ್ರಿಲಿಕ್ ಮೀಡಿಯಂ (ಬಣ್ಣವಿಲ್ಲದ ಅಕ್ರಿಲಿಕ್ ಅಂಟು) ಸೇರಿಸಿ ಅರೆಯಬೇಕು. ಅಕ್ಕಿಹಿಟ್ಟಿನ ಬಿಳಿಯನ್ನು ಮಾತ್ರ ಕಾಗದಕ್ಕೆ ಹಚ್ಚಬೇಡಿ. ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ, ಹುಳವೂ ಬರುತ್ತದೆ. ಗೋಡೆಯ ಹಸೆಯನ್ನು ಮತ್ತೆ ಬರೆಯುತ್ತೇವೆ, ನಿಮ್ಮ ಹಾಳೆಯನ್ನು ಹಾಗೆ ಮಾಡಲಾಗದು.

ಹಿನ್ನೀರಿನ ದಾರಿ (ಸಾಗರ):

ಹಸೆಗೋಡೆಯ ವಿಷಯದಲ್ಲಿ ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ನನ್ನ ಈ ಸರಣಿಯಲ್ಲಿ ಮನುಷ್ಯರು ಬರೆದ ಯಾವ ಗೆರೆಯ ಫೋಟೋವೂ ಇರುವುದಿಲ್ಲ. ದಡದ ಮಣ್ಣನ್ನೇ ಬಣ್ಣವಾಗಿಸುವ ಸಲಹೆ ಬಹಳ ಹಿಡಿಸಿತು, ಏಕೆಂದರೆ ಅದರಿಂದ ತುಂಗಾತೀರ ಅವರು ಹೇಳಿದ ಎಳೆದಾಟಕ್ಕೆ ಬೇರೆಯೇ ರೂಪ ಬರುತ್ತದೆ: ಫೋಟೋದಲ್ಲಿ ಮಣ್ಣಿನ ಚಿತ್ರವಿರುತ್ತದೆ, ಅದರ ಮೇಲೆ ಆ ಮಣ್ಣೇ ಬಂದು ಕೂರುತ್ತದೆ. ಒಂದು ದೂರದಲ್ಲಿರುವುದು, ಇನ್ನೊಂದು ಬೆರಳಿಗೆ ಸಿಗುವುದು. ಬಣ್ಣ ಎರಡರಲ್ಲೂ ಒಂದೇ ಇದ್ದರೂ ಅವು ಒಂದೇ ಅಲ್ಲ.

ಹಳೆಯೂರು (ಹೊಸನಗರ):

ನಾನು ಕಲಾವಿದನಲ್ಲ, ನೋಡುವವನು. ನಮ್ಮ ಅಜ್ಜನ ಮನೆಯಿದ್ದ ಊರು ಆ ನೀರಿನ ಅಡಿಯಲ್ಲಿದೆ. 1964ರಲ್ಲಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ಹುಟ್ಟಿದ ನಮಗೆ ಆ ಊರು ಹಿರಿಯರ ಮಾತಿನಲ್ಲಿ ಮಾತ್ರ ಉಳಿದಿದೆ. ನೀವು ಬೊಡ್ಡೆ ಎಂದಿರುವುದು ಯಾರದೋ ಹಿತ್ತಿಲಿನ ಹಲಸಿನ ಮರವೂ ಆಗಿರಬಹುದು. ನೀವು ಗೆರೆ ಎಂದಿರುವುದರ ಕೆಳಗೆ ಯಾರದೋ ಗದ್ದೆಯ ಬದು ಇರಬಹುದು. ಅದರ ಮೇಲೆ ಬಣ್ಣ ಎಳೆದು, ಇದು ಯಾವ ಜಾಗವೆಂದು ಗುರುತೇ ಸಿಗದ ಹಾಗೆ ಮಾಡಿದರೆ, ನೀರು ಮಾಡಿದ ಕೆಲಸವನ್ನೇ ಬಣ್ಣವೂ ಮಾಡಿದಂತಾಗುವುದಿಲ್ಲವೇ?

ಬರೀ ಫೋಟೋ ತೆಗೆದರೂ ನನಗೆ ಸಮಾಧಾನವಿಲ್ಲ ಎಂಬುದನ್ನು ಹೇಳಬೇಕು. ಸೂರ್ಯಾಸ್ತದ ಹೊತ್ತಿನಲ್ಲಿ ಆ ಒಣಮರಗಳನ್ನು ಕಪ್ಪು ನೆರಳಾಗಿ ತೆಗೆದ ಎಷ್ಟೋ ಚಿತ್ರಗಳಿವೆ. ಅವುಗಳಲ್ಲಿ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ, ಆದರೂ ನಮ್ಮ ಊರು ಕಾಣುವುದಿಲ್ಲ. ಹಾಗಾಗಿ ಅಮೂರ್ತವೇ ತಪ್ಪು ಎನ್ನಲಾರೆ. ಕೃತಿಯ ಹೆಸರಿನಲ್ಲಾದರೂ ಜಾಗ ಉಳಿಯಲಿ ಎಂದು ಕೇಳುತ್ತೇನೆ. ಫೋಟೋ ತೆಗೆದ ದಿನದ ನೀರಿನ ಮಟ್ಟ ಎಷ್ಟು ಅಡಿ ಎಂಬುದು ಪತ್ರಿಕೆಗಳಲ್ಲಿ ಸಿಗುತ್ತದೆ. ದಿನಾಂಕವನ್ನೂ ಮಟ್ಟವನ್ನೂ ಹೆಸರಾಗಿ ಇಟ್ಟರೆ, ನಮ್ಮಂತಹವರು ಅದನ್ನು ಓದಿ, ಆ ಮಟ್ಟಕ್ಕೆ ಯಾವ ಯಾವ ಜಾಗ ಎದ್ದಿರುತ್ತದೆ ಎಂದು ಲೆಕ್ಕ ಹಾಕಬಲ್ಲೆವು. ಬೇರೆಯವರಿಗೆ ಅದು ಬರೀ ಅಂಕಿಯಾಗಿರುತ್ತದೆ, ಅಡ್ಡಿಯಿಲ್ಲ.

ತುಂಗಾತೀರ (ಶಿವಮೊಗ್ಗ):

ಹಳೆಯೂರು ಅವರ ಮಾತಿನಿಂದ ನನ್ನ ಆಲೋಚನೆ ಬೇರೆ ಕಡೆ ಹೊರಳಿತು. ನಾನು ಬಣ್ಣಕ್ಕೂ ಫೋಟೋಗೂ ನಡುವಿನ ಎಳೆದಾಟವನ್ನು ಬರೀ ಮೇಲ್ಮೈಯ ವಿಷಯವಾಗಿ ನೋಡುತ್ತಿದ್ದೆ. ಫೋಟೋದ ದೊಡ್ಡ ಗುಣ ಬೇರೆಯದಿದೆ: ಅಲ್ಲಿ ಕಂಡದ್ದು ಒಂದು ದಿನ, ಒಂದು ಜಾಗದಲ್ಲಿ ನಿಜವಾಗಿ ಇತ್ತು. ಬಣ್ಣ ಹಚ್ಚಿದ ಮೇಲೆಯೂ ಆ ಸಾಕ್ಷ್ಯ ಹಾಳೆಯಲ್ಲಿ ಉಳಿದಿರಬೇಕಾದರೆ, ಯಾವುದಾದರೂ ಒಂದು ವಿವರ ಮುಚ್ಚದೆ, ಮಸುಕಾಗದೆ, ಹರಿತವಾಗಿ ಉಳಿಯಬೇಕು. ರಿಕ್ಟರ್ ಅವರ ಸಣ್ಣ ಹಾಳೆಗಳಲ್ಲಿ ದಪ್ಪ ಬಣ್ಣದ ಅಂಚಿನಲ್ಲಿ ಒಂದು ಕೈ, ಒಂದು ಕುರ್ಚಿ, ಮರದ ಒಂದು ಕೊಂಬೆ ಉಳಿದಿರುತ್ತದೆ. ಅದನ್ನು ಕಂಡಾಗಲೇ ಮುಚ್ಚಿಹೋದದ್ದರ ತೂಕ ನಮಗೆ ತಿಳಿಯುವುದು. ಆದ್ದರಿಂದ ಮೇಡಂ, ಎಷ್ಟು ಭಾಗ ಮುಚ್ಚಬೇಕೆಂದು ಲೆಕ್ಕ ಹಾಕುವುದಕ್ಕಿಂತ, ಯಾವುದನ್ನು ಮುಚ್ಚಲೇಬಾರದು ಎಂದು ಕುಂಚ ಹಿಡಿಯುವ ಮೊದಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ನಮ್ಮ ದೇಶದಲ್ಲೂ ಇದಕ್ಕೆ ಹಳೆಯ ದಾರಿಯಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರಾಜಸ್ಥಾನದ ಆಸ್ಥಾನಗಳ ಚಿತ್ರಕಾರರು ಕಪ್ಪುಬಿಳುಪು ಫೋಟೋಗಳ ಮೇಲೆ ದಟ್ಟವಾದ ಬಣ್ಣ ಹಚ್ಚುತ್ತಿದ್ದರು. ಉಡುಗೆ, ನೆಲಹಾಸು, ಹಿನ್ನೆಲೆ ಎಲ್ಲವೂ ಬಣ್ಣದಲ್ಲಿ ಮುಚ್ಚಿಹೋಗಿ, ಮುಖದಲ್ಲಿ ಮಾತ್ರ ಫೋಟೋದ ನೆರಳು ಬೆಳಕು ಉಳಿದ ಚಿತ್ರಗಳನ್ನು ನೋಡಬಹುದು. ಅವರ ಉದ್ದೇಶ ಅಮೂರ್ತವಲ್ಲ. ಆದರೆ ಯಾವುದನ್ನು ಬಿಡಬೇಕೆಂಬ ತೀರ್ಮಾನ ಅವರಲ್ಲಿ ಎಷ್ಟು ಖಚಿತವಾಗಿತ್ತು ನೋಡಿ.

ನೀಲಿಮುದ್ರೆ (ಭದ್ರಾವತಿ):

ರಸಾಯನಶಾಸ್ತ್ರ ಪಾಠ ಮಾಡುವವಳಾದ್ದರಿಂದ ಇನ್ನೊಂದು ದಾರಿಯನ್ನು ಸೂಚಿಸುತ್ತೇನೆ. ಮುಗಿದ ಪ್ರಿಂಟಿನ ಮೇಲೆ ಬಣ್ಣ ಹಚ್ಚುವ ಬದಲು, ಫೋಟೋವನ್ನೇ ಕುಂಚದಿಂದ ಆರಂಭಿಸಬಹುದು. ಬಿಸಿಲಿನಿಂದ ನೀಲಿ ಚಿತ್ರ ಮೂಡಿಸುವ ಸಯನೋಟೈಪ್ ಇದಕ್ಕೆ ಸುಲಭವಾದ ವಿಧಾನ. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಇದನ್ನು ಕಂಡುಹಿಡಿದರು, ಮರುವರ್ಷವೇ ಅಲ್ಲಿಯ ಸಸ್ಯಶಾಸ್ತ್ರಜ್ಞೆ ಆನ್ನಾ ಆಟ್ಕಿನ್ಸ್ ನೀರಿನ ಪಾಚಿಗಳನ್ನು ಕಾಗದದ ಮೇಲಿಟ್ಟು ನೀಲಿ ಚಿತ್ರಗಳನ್ನು ತೆಗೆಯಲು ತೊಡಗಿದರು.

100 ಮಿಲಿ ನೀರಿಗೆ 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್, ಬೇರೊಂದು 100 ಮಿಲಿ ನೀರಿಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್ ಕರಗಿಸಿಟ್ಟು, ಬೇಕಾದಾಗ ಎರಡನ್ನೂ ಸಮಭಾಗ ಬೆರೆಸಿ, ಮಂದ ಬೆಳಕಿನಲ್ಲಿ ಕಾಗದಕ್ಕೆ ಹಚ್ಚಿ ಕತ್ತಲಲ್ಲಿ ಒಣಗಿಸಬೇಕು. ಕೈಗವಸು ಹಾಕಿಕೊಳ್ಳಿ, ಫೆರಿಸಯನೈಡನ್ನು ಆಮ್ಲದ ಹತ್ತಿರ ತರಬೇಡಿ. ಹಾಳೆಯ ಮೇಲೆ ನೆಗೆಟಿವ್ ಇಟ್ಟು ಬಿಸಿಲಿಗೆ ಹಿಡಿದರೆ ನೇರಳಾತೀತ ಕಿರಣ ತಗುಲಿದ ಕಡೆ ನೀಲಿಯಾಗುತ್ತದೆ, ಉಳಿದದ್ದು ನೀರಿನಲ್ಲಿ ತೊಳೆದುಹೋಗುತ್ತದೆ. ಇಲ್ಲಿ ಮುಖ್ಯವಾದ ಸಂಗತಿಯೆಂದರೆ, ದ್ರಾವಣವನ್ನು ಕುಂಚದಿಂದ ಎಲ್ಲಿ ಹಚ್ಚಿದ್ದೀರೋ ಅಲ್ಲಿ ಮಾತ್ರ ಫೋಟೋ ಮೂಡುತ್ತದೆ. ಅಂದರೆ ಕುಂಚದ ಒಂದು ಎಳೆತದ ಒಳಗೆ ದಡದ ಚಿತ್ರವಿರುತ್ತದೆ, ಎಳೆತ ಮುಗಿದಲ್ಲಿ ಲೋಕವೂ ಮುಗಿಯುತ್ತದೆ. ಮುಚ್ಚುವ ಪ್ರಶ್ನೆಯೇ ಇಲ್ಲಿ ತಲೆಕೆಳಗಾಗುತ್ತದೆ. ಆಷಾಢದ ಮೋಡದಲ್ಲಿ ಈ ಕೆಲಸ ಬಹಳ ನಿಧಾನ, ಬೇಸಿಗೆಯಲ್ಲಿ ಮಾಡುವುದು ಮೇಲು.

ನೀಲಿ ಬೇಡವೆನ್ನುವವರಿಗೆ ಮಲೆನಾಡಿನಲ್ಲಿಯೇ ಉಪಾಯವಿದೆ. ಅಡಿಕೆ ಬೇಯಿಸಿದ ಚೊಗರು ಟ್ಯಾನಿನ್ ತುಂಬಿದ ದ್ರವ. ಹೆಗ್ಗೋಡಿನ ಚರಕ ಸಂಸ್ಥೆಯವರು ಬಟ್ಟೆಗೆ ಬಣ್ಣ ಹಾಕಲು ಅಡಿಕೆ ಚೊಗರನ್ನು ಬಳಸುತ್ತಾರೆಂಬುದು ಇಲ್ಲಿನವರಿಗೆ ಗೊತ್ತಿದ್ದದ್ದೇ. ಸಯನೋಟೈಪಿನ ನೀಲಿ ಕಬ್ಬಿಣದ ಸಂಯುಕ್ತ. ವಾಷಿಂಗ್ ಸೋಡಾದ ತೆಳು ನೀರಿನಲ್ಲಿ ಅದ್ದಿದರೆ ನೀಲಿ ಮಾಸಿ ಹಳದಿಗೆ ತಿರುಗುತ್ತದೆ. ಚೆನ್ನಾಗಿ ತೊಳೆದು ಟ್ಯಾನಿನ್ ದ್ರವಕ್ಕೆ ಹಾಕಿದರೆ ಕಬ್ಬಿಣವೂ ಟ್ಯಾನಿನ್ನೂ ಸೇರಿ ಕಂದುಗಪ್ಪು ಬಣ್ಣ ಬರುತ್ತದೆ. ಅಳಲೆಕಾಯಿಗೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಬೆರೆಸಿ ಹಿಂದಿನವರು ಶಾಯಿ ಮಾಡುತ್ತಿದ್ದುದರ ಹಿಂದೆ ಇರುವುದೂ ಇದೇ ಕ್ರಿಯೆ. ಸಾಮಾನ್ಯವಾಗಿ ಇದಕ್ಕೆ ಚಹಾ ಡಿಕಾಕ್ಷನ್ ಬಳಸುತ್ತಾರೆ. ಚೊಗರಿನ ಕೆಂಪು ಕಾಗದಕ್ಕೂ ಹಿಡಿಯುವುದರಿಂದ, ಎಷ್ಟು ತೆಳುಮಾಡಬೇಕೆಂದು ತುಂಡು ಕಾಗದದಲ್ಲಿ ನೋಡಿಕೊಂಡು ಮುಂದುವರಿಯಬೇಕು.

ಈ ನೀಲಿಗೆ ಕ್ಷಾರ ಆಗದು. ಆದ್ದರಿಂದ ಸಯನೋಟೈಪಿನ ಮೇಲೆ ಸುಣ್ಣದ ಬಿಳಿಯನ್ನು ಹಚ್ಚಿದರೆ, ಸುಣ್ಣ ತಾಗಿದ ಕಡೆಯೆಲ್ಲ ನೀಲಿ ಮಾಸುತ್ತದೆ. ಬೇಕೆಂದೇ ಹಾಗೆ ಮಾಡುವುದಾದರೆ ಅದೂ ಒಂದು ಕುಂಚವೇ.

ಚಿತ್ರಕಲಾ ವಿದ್ಯಾರ್ಥಿ (ತೀರ್ಥಹಳ್ಳಿ):

ಹಿರಿಯರಲ್ಲಿ ಒಂದು ಪ್ರಶ್ನೆ. ಕಾಗದ, ರಾಸಾಯನಿಕಗಳ ಖರ್ಚು ನನ್ನಂತಹವರಿಗೆ ಹೆಚ್ಚಾಗುತ್ತದೆ. ಮೊಬೈಲಿನಲ್ಲಿ ತೆಗೆದ ಫೋಟೋದ ಮೇಲೆ ಟ್ಯಾಬ್‌ನಲ್ಲಿ ಬಣ್ಣದ ಪದರಗಳನ್ನು ಹಾಕಿ ಇದೇ ಪರಿಣಾಮ ತರಬಹುದಲ್ಲವೇ?

ತುಂಗಾತೀರ (ಶಿವಮೊಗ್ಗ):

ಖಂಡಿತ ಮಾಡಬಹುದಪ್ಪ, ಆದರೆ ಬರುವ ಪರಿಣಾಮ ಇದೇ ಅಲ್ಲ. ತೆರೆಯ ಮೇಲೆ ಫೋಟೋ ಪದರವೂ ಬಣ್ಣದ ಪದರವೂ ಒಂದೇ ಬೆಳಕಿನಿಂದ ಆದವು, ಒಂದಕ್ಕೊಂದು ಪ್ರತಿರೋಧ ಒಡ್ಡುವುದಿಲ್ಲ. ಅಲ್ಲಿ ಬೇರೆ ಅನುಕೂಲಗಳಿವೆ: ಮಲ್ಟಿಪ್ಲೈ ವಿಧಾನದಲ್ಲಿ ಬಣ್ಣವು ಫೋಟೋದ ಕಪ್ಪನ್ನು ಕೆಡಿಸದೆ ಬಿಳಿಯ ಭಾಗಕ್ಕೆ ಇಳಿಯುತ್ತದೆ, ಸ್ಕ್ರೀನ್ ವಿಧಾನದಲ್ಲಿ ಇದಕ್ಕೆ ವಿರುದ್ಧವಾಗಿ ಕಪ್ಪಿನ ಮೇಲೆ ಬೆಳಗುತ್ತದೆ.

ಖರ್ಚು ಕಡಿಮೆಯಿರುವ ಇನ್ನೊಂದು ಕ್ರಮವನ್ನು ನಿನಗೆ ಹೇಳುತ್ತೇನೆ. ಸಾಮಾನ್ಯ ಕಾಗದದಲ್ಲಿ ಲೇಸರ್ ಪ್ರಿಂಟ್ ತೆಗೆದು ಅದರ ಮೇಲೆ ಪೋಸ್ಟರ್ ಬಣ್ಣ ಹಚ್ಚು. ಒಣಗಿದ ಮೇಲೆ ಕಿಟಕಿಯ ಪಕ್ಕ ಇಟ್ಟು, ಬೆಳಕು ಒಂದು ಬದಿಯಿಂದ ಓರೆಯಾಗಿ ಬೀಳುವಂತೆ ಮಾಡಿ, ಹತ್ತಿರದಿಂದ ಮತ್ತೆ ಫೋಟೋ ತೆಗೆ. ಬಣ್ಣದ ದಿಣ್ಣೆಗಳಿಗೆ ನೆರಳು ಹುಟ್ಟಿ, ಅವು ಫೋಟೋದೊಳಗಿನ ದಿಣ್ಣೆಗಳ ಜೊತೆ ಬೆರೆತುಹೋಗುತ್ತವೆ. ಯಾವುದು ಗುಡ್ಡ, ಯಾವುದು ಕುಂಚದ ಗುರುತು ಎಂಬ ಅಳತೆಯೇ ತಪ್ಪಿಹೋಗುತ್ತದೆ. ಅದನ್ನು ಪ್ರಿಂಟ್ ಹಾಕಿ ಮತ್ತೆ ಬಣ್ಣ ಹಚ್ಚು. ಈ ಸುತ್ತಿನಲ್ಲಿ ಎಲ್ಲಿ ನಿಲ್ಲಿಸಬೇಕೆಂದು ನಿನ್ನ ಕಣ್ಣಿಗೇ ಗೊತ್ತಾಗಬೇಕು. ಅದನ್ನು ಯಾರೂ ಹೇಳಿಕೊಡಲಾರರು.

ಪ್ರಿಂಟ್‌ಮನೆ (ಶಿವಮೊಗ್ಗ):

ಪ್ರಿಂಟಿಂಗ್ ಕೆಲಸದವನಾಗಿ ತೇವದ ಪ್ರಶ್ನೆಗೆ ಉತ್ತರಿಸುತ್ತೇನೆ. ಇಂಕ್‌ಜೆಟ್ ಶಾಯಿಯಲ್ಲಿ ಎರಡು ಬಗೆ. ಡೈ (ನೀರಿನಲ್ಲಿ ಕರಗುವ ಬಣ್ಣದ) ಶಾಯಿ ನೀರು ತಾಗಿದರೆ ಹರಡುತ್ತದೆ, ಅದರ ಮೇಲೆ ಜಲವರ್ಣ ಅಥವಾ ಮಣ್ಣಿನ ಬಣ್ಣ ಹಚ್ಚಿದರೆ ಫೋಟೋ ಕದಡುತ್ತದೆ. ಪಿಗ್ಮೆಂಟ್ (ಕರಗದ ಬಣ್ಣದ ಪುಡಿಯ) ಶಾಯಿ ಬಹುಮಟ್ಟಿಗೆ ತಡೆಯುತ್ತದೆ, ಹೆಚ್ಚು ಕಾಲ ಮಾಸುವುದೂ ಇಲ್ಲ. ಪ್ರಿಂಟ್ ಹಾಕಿಸುವಾಗ ಇದನ್ನು ಕೇಳಿಯೇ ಕೊಡಿ. ಎ3ಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಬೇಕಾದರೆ ಚಿತ್ರ ಸುಮಾರು 4961×3508 ಪಿಕ್ಸೆಲ್ ಇರಬೇಕು. ಅರ್ಧ ಭಾಗ ಬಣ್ಣದಡಿ ಹೋಗುತ್ತದೆಂದು ಇದರಲ್ಲಿ ರಾಜಿಯಾಗಬೇಡಿ, ಏಕೆಂದರೆ ಉಳಿದ ಭಾಗ ಹರಿತವಾಗಿರಬೇಕೆಂದು ಮೇಲೆ ಹೇಳಿದ್ದಾರೆ.

ಮದುವೆ ಆಲ್ಬಮ್ಮಿನ ಹೊಳಪು ಕಾಗದಕ್ಕೆ ಪ್ಲಾಸ್ಟಿಕ್ ಲೇಪವಿರುವುದರಿಂದ ಅಕ್ರಿಲಿಕ್ ಸರಿಯಾಗಿ ಹಿಡಿಯದೆ ಸಿಪ್ಪೆಯಂತೆ ಏಳುತ್ತದೆ. ಅದನ್ನೇ ಬಳಸಬೇಕಾಗಿ ಬಂದರೆ ಮೊದಲು ಪಾರದರ್ಶಕ ಜೆಸ್ಸೊ (ಬಣ್ಣ ಹಿಡಿಯಲು ಮೊದಲು ಬಳಿಯುವ ಲೇಪ) ಹಚ್ಚಿ. ಹತ್ತಿ ಕಾಗದಕ್ಕಾದರೆ ತೆಳುವಾದ ಅಕ್ರಿಲಿಕ್ ಮೀಡಿಯಂ ಒಂದು ಪದರ ಸಾಕು. ಮೇಲೆ ಎಣ್ಣೆಬಣ್ಣ ಹಚ್ಚುವವರಿಗೆ ಈ ಪದರ ಬೇಕೇಬೇಕು, ಇಲ್ಲವಾದರೆ ಎಣ್ಣೆ ಕಾಗದಕ್ಕೆ ಇಳಿದು ಕಾಲಕ್ರಮದಲ್ಲಿ ಅದನ್ನು ಹಳದಿಗಟ್ಟಿಸಿ ಪುಡಿ ಮಾಡುತ್ತದೆ. ಅಕ್ರಿಲಿಕ್ ಕೆಳಗೆ, ಎಣ್ಣೆ ಮೇಲೆ. ಇದನ್ನು ಹಿಂದುಮುಂದು ಮಾಡಬಾರದು.

ಕ್ಯಾನ್ವಾಸಿಗೆ ಫೋಟೋ ಇಳಿಸುವುದಕ್ಕೂ ದಾರಿಯಿದೆ. ಲೇಸರ್ ಪ್ರಿಂಟನ್ನು ದಪ್ಪ ಅಕ್ರಿಲಿಕ್ ಜೆಲ್ ಮೇಲೆ ಮುಖ ಕೆಳಗಾಗಿ ಅಂಟಿಸಿ, ಪೂರ್ತಿ ಒಣಗಿದ ಮೇಲೆ ಒದ್ದೆ ಮಾಡಿ ಬೆರಳಿನಿಂದ ಕಾಗದವನ್ನು ಉಜ್ಜಿ ತೆಗೆದರೆ ಟೋನರ್ (ಲೇಸರ್ ಪ್ರಿಂಟಿನ ಶಾಯಿಪುಡಿ) ಮಾತ್ರ ಉಳಿಯುತ್ತದೆ. ಚಿತ್ರ ಎಡಬಲ ಅದಲುಬದಲಾಗುವುದರಿಂದ ಪ್ರಿಂಟ್ ಹಾಕುವಾಗಲೇ ಕನ್ನಡಿಯ ಹಾಗೆ ತಿರುಗಿಸಿಕೊಳ್ಳಬೇಕು. ಉಜ್ಜುವಾಗ ಅಲ್ಲಲ್ಲಿ ಹರಿದುಹೋಗುತ್ತದೆ, ಆ ಹರಿದ ಜಾಗಗಳು ಬಣ್ಣಕ್ಕೆ ಒಳ್ಳೆಯ ಬಾಗಿಲು.

ಹಿನ್ನೀರಿನ ದಾರಿ (ಸಾಗರ):

ಇಷ್ಟು ಆಳವಾಗಿ ಉತ್ತರಿಸಿದ್ದಕ್ಕೆ ಎಲ್ಲರಿಗೂ ಋಣಿ. ನನ್ನ ತೀರ್ಮಾನಗಳನ್ನು ತಿಳಿಸುತ್ತೇನೆ.

ಪ್ರತಿ ಹಾಳೆಯಲ್ಲೂ ಮನುಷ್ಯರ ಬದುಕಿನ ಕುರುಹು ಎಂದು ನನಗೆ ಕಾಣುವ ಭಾಗವನ್ನು, ಬೊಡ್ಡೆಯಿರಲಿ, ಅಡಿಪಾಯದ ಕಲ್ಲಿರಲಿ, ಬದುವಿನ ತುಂಡಿರಲಿ, ಬಣ್ಣ ತಾಗಿಸದೆ ಬಿಡುತ್ತೇನೆ. ನೀರು ಮಾಡಿದ ಗೆರೆಗಳ ಮೇಲೆ ಮಾತ್ರ ಮಣ್ಣು ಬರುತ್ತದೆ. ಈ ನಿಯಮದಿಂದ ಚಿತ್ರದ ರಚನೆ ನನ್ನ ಇಷ್ಟಕ್ಕೆ ಬಿಟ್ಟದ್ದಾಗಿ ಉಳಿಯುವುದಿಲ್ಲ. ಕೆಲವು ಹಾಳೆಗಳಲ್ಲಿ ಮುಚ್ಚಲು ಏನೂ ಸಿಗದಿರಬಹುದು, ಕೆಲವು ಪೂರ್ತಿ ಮುಚ್ಚಿಹೋಗಬಹುದು. ಪೂರ್ತಿ ಮುಚ್ಚಿಹೋದವನ್ನೂ ಸರಣಿಯಲ್ಲಿ ಇಡಬೇಕೆಂದಿದ್ದೇನೆ. ಮಡೆನೂರು ಅಣೆಕಟ್ಟಿನ ದುಂಡನೆಯ ಸೈಫನ್ (ಹೆಚ್ಚಾದ ನೀರನ್ನು ಹೊರಬಿಡುವ) ರಚನೆಗಳು ಆಕಾರದಲ್ಲಿ ಎಷ್ಟೇ ಸೆಳೆದರೂ ಅವನ್ನು ಇದರಲ್ಲಿ ಸೇರಿಸುವುದಿಲ್ಲ, ಏಕೆಂದರೆ ಅವು ಕಣ್ಣನ್ನು ಪೂರ್ತಿ ತಮ್ಮತ್ತ ಎಳೆದುಕೊಂಡು ದಡವನ್ನು ಬರೀ ಹಿನ್ನೆಲೆಯಾಗಿಸುತ್ತವೆ. ಹಳೆಯೂರು ಅವರು ಹೇಳಿದಂತೆ ಪ್ರತಿ ಕೃತಿಯ ಹೆಸರು ದಿನಾಂಕ ಮತ್ತು ನೀರಿನ ಮಟ್ಟವೇ ಆಗಿರುತ್ತದೆ.

ಸಯನೋಟೈಪನ್ನು ಈ ಸರಣಿಗೆ ಬೆರೆಸದೆ, ಚೊಗರಿನ ಕಂದಿನಲ್ಲಿ ಅಡಿಕೆ ತೋಟದ ಬೇರೊಂದು ಸರಣಿ ಮಾಡುವ ಆಸೆಯಿದೆ. ಕೊನೆಯದಾಗಿ ಪ್ರಿಂಟ್‌ಮನೆಯವರಲ್ಲಿ ಒಂದು ಪ್ರಶ್ನೆ. ಮಣ್ಣಿನ ಪದರ ಒರಟಾಗಿದೆ, ವಾರ್ನಿಷ್ ಹಚ್ಚಿದರೆ ಅದು ಒದ್ದೆಯಾದಂತೆ ಕಪ್ಪಾಗಿ ಕಾಣುತ್ತದೆ. ವಾರ್ನಿಷ್ ಇಲ್ಲದೆ ಗಾಜು ಹಾಕಿಸಿದರೆ ಮಳೆಗಾಲವನ್ನು ತಡೆದೀತೇ?

ಪ್ರಿಂಟ್‌ಮನೆ (ಶಿವಮೊಗ್ಗ):

ತಡೆಯುತ್ತದೆ ಮೇಡಂ, ಗಾಜು ಹಾಳೆಗೆ ತಾಗದಂತೆ ನೋಡಿಕೊಂಡರೆ. ಸುತ್ತ ದಪ್ಪ ಮೌಂಟ್ (ಚಿತ್ರದ ಅಂಚಿಗೆ ಇಡುವ ರಟ್ಟು) ಅಥವಾ ಮರದ ಪಟ್ಟಿ ಕೊಟ್ಟು ನಡುವೆ ಜಾಗ ಬಿಡಿಸಿ, ಇಲ್ಲವಾದರೆ ತೇವಕ್ಕೆ ಮಣ್ಣಿನ ಪದರ ಗಾಜಿಗೆ ಅಂಟಿಕೊಳ್ಳುತ್ತದೆ. ಮೌಂಟ್ ಆಮ್ಲರಹಿತವಾಗಿರಲಿ. ಚೊಗರಿನ ಸರಣಿ ಮಾಡುವಾಗ ಕೆಲವು ಹಾಳೆಗಳನ್ನು ನೀಲಿಯಾಗಿಯೇ ಉಳಿಸಿಕೊಳ್ಳುವುದಾದರೆ ಅವಕ್ಕೆ ಕ್ಷಾರ ಬೆರೆಸಿದ ಮೌಂಟ್ ಬೇಡವೆಂದು ಅಂಗಡಿಯಲ್ಲಿ ಬಿಡಿಸಿ ಹೇಳಿ. ಮಣ್ಣಿನ ಹಾಳೆಗಳನ್ನು ಜೂನ್ ಬರುವುದಕ್ಕೆ ಮೊದಲು, ಒಣ ಹವೆಯಿರುವಾಗಲೇ ಫ್ರೇಮಿನೊಳಗೆ ಸೇರಿಸಿ ಹಿಂಬದಿಗೆ ಟೇಪ್ ಹಾಕಿಸಿ. ಹೊರಗೋಡೆಗೆ ತೂಗುಹಾಕಬೇಡಿ, ಒಳಗೋಡೆಗೆ ಹಾಕಿ, ಹಿಂದೆ ಗಾಳಿಯಾಡಲು ಮೂಲೆಗಳಿಗೆ ಬೆಂಡುಗಳನ್ನೋ ಮರದ ಸಣ್ಣ ತುಂಡುಗಳನ್ನೋ ಅಂಟಿಸಿ.